ಕೆಡಲೊಲ್ಲದ ಆರು ಸಿಲಿಂಡರುಗಳ ಮೇಲೊಂದು ದೂರು

ನಮ್ಮ ಶೆಡ್ಡಿನಲ್ಲಿ ಇಪ್ಪತ್ತಮೂರು ವರ್ಷಗಳಿಂದ ಬಾನೆಟ್ಟಿನಡಿ ವಿರಾಜಮಾನರಾಗಿರುವ, ಆರು ಸಿಲಿಂಡರುಗಳ, ಟರ್ಬೊ ಸಮೇತರಾದ ಡೀಸೆಲ್ ಎಂಜಿನ್ ಅವರ ಸನ್ನಿಧಾನಕ್ಕೆ,

ಮಾನ್ಯರೇ,

ತಾವು ಕ್ಷೇಮವಾಗಿರುವುದನ್ನು ಕಂಡು ಬಹಳ ಬೇಸರವಾಗಿದೆ. ಇಂದು ಬೆಳಿಗ್ಗೆಯೂ ಅಪ್ಪ ಕೀಲಿ ತಿರುಗಿಸಿದ್ದೇ ತಡ ತಾವು ಎದ್ದು ಕೂತಿರಿ. ಒಂದು ಕೆಮ್ಮಿಲ್ಲ, ಹೊಗೆಯಿಲ್ಲ, ವಯಸ್ಸಿಗೆ ತಕ್ಕ ನರಳಾಟವಿಲ್ಲ. ಲೋಕದವರೆಲ್ಲ ತಮ್ಮ ಎಂಜಿನ್ನುಗಳು ಕೈಕೊಟ್ಟವೆಂದು ಗೋಳಾಡುವಾಗ, ತಾವು ಕೈಕೊಡುತ್ತಿಲ್ಲವೆಂದು ಬಹಿರಂಗವಾಗಿ ದೂರಬೇಕಾಗಿ ಬಂದದ್ದು ನನ್ನ ಹಣೆಬರಹ.

ಅಪ್ಪ ನೀರು ಸರಬರಾಜಿನ ಪಂಪ್‌ಹೌಸಿನಲ್ಲಿ ಮೂವತ್ತು ವರ್ಷ ಆಪರೇಟರಾಗಿದ್ದವರು, ಮೋಟಾರುಗಳ ಸದ್ದಿನಲ್ಲೇ ಅವುಗಳ ಕಾಯಿಲೆ ಹೇಳುತ್ತಿದ್ದವರು. ಆ ಕಿವಿ ಇನ್ನೂ ಚುರುಕಾಗಿದೆ. ಕಣ್ಣು ಮಾತ್ರ ನಾಲ್ಕು ವರ್ಷಗಳಿಂದ ನಡುಭಾಗದಲ್ಲಿ ಮಸುಕಾಗುತ್ತ ಬಂದಿದ್ದು, ಇದಕ್ಕೆ ಕನ್ನಡಕವೂ ಇಲ್ಲ, ಆಪರೇಷನ್ನೂ ಇಲ್ಲ ಎಂದು ಕಣ್ಣಿನ ಡಾಕ್ಟರಮ್ಮ ಹೇಳಿಬಿಟ್ಟಿದ್ದಾರೆ. ಇನ್ನು ಕಾರು ಓಡಿಸಬೇಡಿ ಎಂದು ನಾನು ಹೇಳಿದ್ದಕ್ಕೆ ಅಪ್ಪ ಮೂರು ದಿನ ನನ್ನೊಡನೆ ಮಾತು ಬಿಟ್ಟರು. ನಾಲ್ಕನೆಯ ದಿನ ರಾಜಿಯಾಗಿ, ನಾನೇ ಬರೆದ ಒಪ್ಪಂದ ಫ್ರಿಜ್ಜಿನ ಬಾಗಿಲೇರಿತು: ಎಂಜಿನ್ ಕೈಕೊಟ್ಟ ದಿನ ಅಪ್ಪ ಕೀಲಿ ಒಪ್ಪಿಸತಕ್ಕದ್ದು, ಅಲ್ಲಿಯವರೆಗೆ ಮಗಳು ಬಾಯಿ ಮುಚ್ಚಿಕೊಂಡಿರತಕ್ಕದ್ದು. ಇಷ್ಟು ಹಳೆಯ ಎಂಜಿನ್ನು ಇನ್ನಾರು ತಿಂಗಳು ಎಳೆದರೆ ಹೆಚ್ಚು ಎಂದು ಒಳಗೊಳಗೇ ನಕ್ಕಿದ್ದೆ. ಆ ನಗುವಿಗೆ ಈಗ ನಾಲ್ಕು ವರ್ಷ ತುಂಬಿದೆ.

ತಮ್ಮನ್ನು ರೂಪಿಸಿದ ಮಹನೀಯರು ಯಾರೋ ನಾನರಿಯೆ. ಆರು ಸಿಲಿಂಡರುಗಳನ್ನು ಒಂದೇ ಸಾಲಿನಲ್ಲಿ ನಿಲ್ಲಿಸಿ, ಒಂದರ ಕುಲುಕಾಟವನ್ನು ಇನ್ನೊಂದು ನುಂಗಿಕೊಳ್ಳುವಂತೆ ಹೊಂದಿಸಿದ ಅವರ ಜಾಣ್ಮೆಗೆ ಶರಣು. ನಮ್ಮ ಮನೆಯಲ್ಲಿ ಆರು ಜನ ಒಂದೇ ಸಾಲಿನಲ್ಲಿ ಊಟಕ್ಕೆ ಕೂತಾಗ ಇಂಥ ಹೊಂದಾಣಿಕೆಯನ್ನು ನಾನು ಒಮ್ಮೆಯೂ ಕಂಡದ್ದಿಲ್ಲ. ತಮ್ಮ ಕಬ್ಬಿಣದ ಬ್ಲಾಕು ಬಿರುಕು ಬಿಡಲಿಲ್ಲ, ಚೈನು ಸಡಿಲವಾಗಲಿಲ್ಲ, ಎಲ್ಲರಿಗಿಂತ ಮೊದಲು ಕೈಯೆತ್ತುತ್ತದೆಂದು ಮೆಕಾನಿಕ್ ಆಸೆ ಹುಟ್ಟಿಸಿದ್ದ ಟರ್ಬೊ ಕೂಡ, ತಾವು ಉಗುಳಿದ ಹೊಗೆಯ ಬಲದಿಂದಲೇ ತಮಗೆ ಗಾಳಿ ಊದುತ್ತ ಹಾಯಾಗಿದೆ. ಸುತ್ತಲಿನ ಕಾರಿಗೆ ಮಾತ್ರ ಸ್ವಲ್ಪ ಮರ್ಯಾದೆ ಗೊತ್ತು: ಕಿಟಕಿ ಇಳಿಯುವುದಿಲ್ಲ, ಹಿಂಬಾಗಿಲನ್ನು ಹಗ್ಗದಿಂದ ಕಟ್ಟಿದೆ, ವೇಗ ತೋರಿಸುವ ಮುಳ್ಳು ಸೊನ್ನೆ ಬಿಟ್ಟು ಏಳುವುದಿಲ್ಲ. ಒಪ್ಪಂದದಲ್ಲಿ ಎಂಜಿನ್ ಎನ್ನುವ ಬದಲು ಕಾರು ಎಂದು ಬರೆದಿದ್ದರೆ ನಾನು ಎಂದೋ ಗೆದ್ದಿರುತ್ತಿದ್ದೆ.

ಗೇರು ಬದಲಿಸಲು ಅಪ್ಪನಿಗೆ ತಮ್ಮ ಸದ್ದೇ ಸಾಕು. ಉಳಿದದ್ದಕ್ಕೆ ಪಕ್ಕದಲ್ಲಿ ಕೂತು, ಅಪ್ಪಾ ಕೆಂಪು ದೀಪ, ಅಪ್ಪಾ ಎಡಕ್ಕೆ ಸೈಕಲ್ಲು ಎಂದು ನಾನು ಒದರುತ್ತಿರುತ್ತೇನೆ. ನಂಗೊತ್ತಮ್ಮ ಸುಮ್ನಿರು ಎನ್ನುತ್ತಲೇ ಅವರು ಬ್ರೇಕು ಒತ್ತುತ್ತಾರೆ. ಕಳೆದ ವಾರ ನಾನು ಹೇಳುವುದು ಒಂದು ಉಸಿರಿನಷ್ಟು ತಡವಾಯಿತು. ಅಂಚೆ ಹಂಚುವ ಹೆಂಗಸು ಸೈಕಲ್ ಸಮೇತ ಚರಂಡಿಗೆ ಹಾರಿ ಬದುಕಿಕೊಂಡಳು. ಅಪ್ಪ ಮೆಲ್ಲಗೆ ಯಾರಮ್ಮ ಅದು ಎಂದು ನನ್ನನ್ನು ಕೇಳಿದರು. ಮಾನ್ಯರೇ, ಆಗಿನಿಂದ ನನಗೆ ಭಯವಾಗುತ್ತಿದೆ. ಈಗ ನೋಡಿದರೆ, ಸೋಮವಾರದಿಂದ ನನ್ನ ಏಳು ವರ್ಷದ ಮಗಳನ್ನು ಶಾಲೆಗೆ ತಾನೇ ಬಿಟ್ಟು ಬರುವುದಾಗಿ ಅವರು ಘೋಷಿಸಿದ್ದಾರೆ. ಬೇಡ ಎನ್ನಬೇಕಾದವಳು ನಾನು, ತಾವಲ್ಲ ಎಂಬುದು ನಿಜವೇ. ಆದರೆ ನಾನು ಬೇಡವೆಂದರೆ ಅಪ್ಪನಿಗೆ ಅವಮಾನ, ತಾವು ಬೇಡವೆಂದರೆ ಬರೀ ಒಂದು ಸವೆದ ಪಿಸ್ಟನ್ನು.

ಆದ್ದರಿಂದ ತಾವು ದಯಮಾಡಿ ಭಾನುವಾರ ಬೆಳಿಗ್ಗೆ, ಅಪ್ಪನ ತಿಂಡಿಯಾದ ಮೇಲೆ, ಶೆಡ್ಡಿನೊಳಗೇ ಕೆಟ್ಟು ನಿಲ್ಲಬೇಕು. ರಸ್ತೆಯಲ್ಲಿ ಬೇಡ, ತಾವು ನಿಂತರೆ ಬ್ರೇಕು, ಸ್ಟಿಯರಿಂಗು ಗಟ್ಟಿಯಾಗುತ್ತವಂತೆ. ಕೆಡುವುದು ನಿಜವಾಗಿರಬೇಕು, ನಾಟಕವಾದರೆ ಅಪ್ಪನ ಕಿವಿ ಕೂತಲ್ಲೇ ಹಿಡಿಯುತ್ತದೆ. ಆದರೂ ತಮಗೆ ನೋವಾಗಬಾರದು. ಮತ್ತೆ ರಿಪೇರಿಯಾಗಬಾರದು, ಆದರೆ ಬೇಕೆಂದಿದ್ದರೆ ಇನ್ನೂ ಹತ್ತು ವರ್ಷ ಓಡುತ್ತಿತ್ತು ಎಂದು ಅಪ್ಪ ಬಂದವರೆದುರು ಹೇಳಿಕೊಳ್ಳುವಂತಿರಬೇಕು. ಇದರಲ್ಲಿ ಮೆಕಾನಿಕ್‌ನ ನೆರವು ಕೇಳಿ ನೋಡಿದೆ. ಇಂಥ ಎಂಜಿನ್ ಕೆಡ್ಸೋ ಪಾಪ ನಂಗ್ಯಾಕಮ್ಮ ಎಂದು ಕೆನ್ನೆ ಬಡಿದುಕೊಂಡವನು, ಭಕ್ತಿ ಉಕ್ಕಿ ತಮಗೆ ಹೊಸ ಆಯಿಲ್ ಹಾಕಿ ಹೋದ.

ತಮ್ಮ ಅಖಂಡ ಆರೋಗ್ಯದಿಂದ ಕಂಗೆಟ್ಟಿರುವ,
ತಮ್ಮ ವಿಶ್ವಾಸಿ,
ಡ್ರೈವರ್ ಪಕ್ಕದ ಸೀಟಿನವಳು

ವಿ.ಸೂ.: ತಾವು ಭಾನುವಾರ ಎಂದಿನಂತೆ ಆರೋಗ್ಯವಾಗಿಯೇ ಇದ್ದಿರಿ, ಅದಕ್ಕೆ ಧಿಕ್ಕಾರ. ಸೋಮವಾರ ನಾನು ರಜೆ ಹಾಕಿ ಗೇಟಿಗೆ ಅಡ್ಡ ನಿಂತು, ಬೇಡ ಎನ್ನಲು ಬಾಯಿ ತೆರೆದಿದ್ದೆ. ಮಗಳು ಶಾಲೆಯ ಚೀಲ ತಬ್ಬಿಕೊಂಡು ಹಿಂದಿನ ಸೀಟಿನಲ್ಲಿದ್ದಳು. ಅಪ್ಪ ಮೂರು ಸಲ ಕೀಲಿ ತಿರುಗಿಸಿದರು. ತಾವು ಗರಗರ ತಿರುಗಿದಿರಿ, ಸ್ಟಾರ್ಟ್ ಆಗಲಿಲ್ಲ. ಕೈಕೊಡ್ತಮ್ಮ ಎಂದು ಕೀಲಿಯನ್ನು ನನ್ನ ಅಂಗೈಗಿಟ್ಟು, ಮೊಮ್ಮಗಳ ಕೈ ಹಿಡಿದು ಅವರು ನಡೆದೇ ಹೊರಟರು. ನಾನು ಬಾನೆಟ್ ಎತ್ತಿ ನೋಡಿದೆ. ಡೀಸೆಲ್ ಪಂಪಿನ ಒಂದು ವೈರನ್ನು ಯಾರೋ ಕಳಚಿ, ಕಳಚಿದ ತುದಿಗೆ ಟೇಪು ಸುತ್ತಿದ್ದರು. ಬರೀ ಬೆರಳಿನ ಅಂದಾಜಿನಲ್ಲಿ ಅಷ್ಟು ಅಚ್ಚುಕಟ್ಟಾಗಿ ಸುತ್ತಬಲ್ಲವರು ಈ ಮನೆಯಲ್ಲಿ ಒಬ್ಬರೇ. ಏನೂ ಮುಟ್ಟದೆ ಬಾನೆಟ್ ಮುಚ್ಚಿದೆ. ಇಪ್ಪತ್ತಮೂರು ವರ್ಷಗಳಲ್ಲಿ ತಮ್ಮ ಮೇಲೆ ಬಂದ ಮೊದಲ ಆಪಾದನೆ, ಅದೂ ಸುಳ್ಳು. ತಾವು ಅಷ್ಟೊಂದು ನಂಬಿಗಸ್ತರೇ ಆಗಿದ್ದರೆ ಇದನ್ನು ತುಟಿ ಬಿಚ್ಚದೆ ಹೊರಬೇಕು. ಯಾರು ಬಂದು ಕೇಳಿದರೂ, ಕೆಟ್ಟದ್ದು ತಾವೇ, ಅಪ್ಪನ ಕಣ್ಣಲ್ಲ.