ಮಡಿಕೇರಿಯ ಹೂವಿಗೆ ಕಾಪುವಿನ ಸೆಕೆ

ಸೆಕೆಯ ಊರಿನಲ್ಲಿ ಚಳಿಯ ಗಿಡ ಸಾಕಲು ಹೊರಟವನು ಫಜೀತಿಯನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಅದು ದಿನಾ ಬೆಳಿಗ್ಗೆ ಹಾಲಿನವನಿಗಿಂತ ಮೊದಲೇ ಗೇಟಿನ ಹತ್ತಿರ ಬಂದು ನಿಂತಿರುತ್ತದೆ. ಒಂದೇ ಒಂದು ಫ್ಯೂಷಿಯಾ ಗಿಡ ಆರು ತಿಂಗಳಲ್ಲಿ ನನಗೆ ಕಾಣಿಸಿದ ಪ್ರಸಂಗಗಳಲ್ಲಿ ನಾಲ್ಕನ್ನು ಮಾತ್ರ ಇಲ್ಲಿ ಹೇಳುತ್ತೇನೆ. ಉಳಿದವನ್ನು ಹೇಳಿದರೆ ಹೆಂಡತಿ ಬೈಯುತ್ತಾಳೆ.

೧. ಘಾಟಿ ಇಳಿದ ಗಿಡ

ನನ್ನ ಅಕ್ಕನನ್ನು ಕೊಟ್ಟದ್ದು ಮಡಿಕೇರಿಗೆ. ಮದುವೆಯಾಗಿ ಮೂವತ್ತು ವರ್ಷವಾಯಿತು. ಅಂದಿನಿಂದ ಅವಳು ಕಾಪುವಿನ ತವರಿಗೆ ಬಂದಾಗಲೆಲ್ಲ ಬಸ್ಸಿನಿಂದ ಕಾಲು ಕೆಳಗಿಡುವ ಮೊದಲೇ "ಅಬ್ಬಾ, ಎಂತ ಸೆಕೆ" ಎನ್ನುತ್ತಾಳೆ. ಅವಳು ಬರುತ್ತಾಳೆಂದು ನಾವೇ ಒಲೆ ಹಚ್ಚಿ ಊರನ್ನು ಕಾಯಿಸಿಟ್ಟಿದ್ದೇವೆ ಎನ್ನುವ ಹಾಗೆ ನಮ್ಮ ಮುಖ ನೋಡುತ್ತಾಳೆ.

ಅವಳ ಮನೆಯ ಜಗಲಿಯಲ್ಲಿ ಸಾಲಾಗಿ ಫ್ಯೂಷಿಯಾ ಕುಂಡಗಳನ್ನು ತೂಗುಹಾಕಿದ್ದಾಳೆ. ಹೂವು ಕಿವಿಯ ಜುಮುಕಿಯ ಹಾಗೆ ತಲೆಕೆಳಗಾಗಿ ತೂಗುತ್ತದೆ. ಹೊರಗೆ ಕೆಂಪು, ಒಳಗೆ ನೇರಳೆ. ಫೆಬ್ರವರಿಯಲ್ಲಿ ಅಲ್ಲಿಗೆ ಹೋಗಿದ್ದಾಗ "ಒಂದು ಗಿಡ ಕೊಡು" ಎಂದೆ.

"ಕಾಪುವಿನಲ್ಲಿ ಇದು ಹೂ ಬಿಡುವುದಿಲ್ಲ. ಅದರಲ್ಲೂ ನಿನ್ನ ಕೈಯಲ್ಲಿ ಬಿಡುವುದೇ ಇಲ್ಲ" ಎಂದಳು.

ನನಗೆ ರೋಷ ಬಂತು. ಐವತ್ತೆರಡು ದಾಟಿದರೂ ಅಕ್ಕನ ಲೆಕ್ಕದಲ್ಲಿ ನಾನು ಅಂಗಿಯ ಗುಂಡಿ ತಪ್ಪಿ ಹಾಕಿಕೊಳ್ಳುವ ತಮ್ಮನೇ. ಒಮ್ಮೆಯಾದರೂ ಅವಳೆದುರು ಗೆಲ್ಲಬೇಕೆಂದು ನನಗೆ ತುಂಬಾ ಆಸೆಯಿತ್ತು. ಅಲ್ಲೇ ಪಂಥವಾಯಿತು. ಕಾಪುವಿನಲ್ಲಿ ಒಂದು ಹೂವಾದರೂ ಅರಳಿದರೆ ಅವಳು ತವರಿನಲ್ಲಿ ಇನ್ನೆಂದೂ "ಸೆಕೆ" ಎನ್ನಬಾರದು. ಅರಳದಿದ್ದರೆ ನಾನು ಮನೆಯವರೆಲ್ಲರ ಎದುರು ನಿಂತು "ಅಕ್ಕ ಹೇಳಿದ್ದೇ ಸರಿ, ನನ್ನಿಂದ ಆಗುವುದಿಲ್ಲ" ಎನ್ನಬೇಕು. ಗಿಡದಲ್ಲಿದ್ದ ಹೂವು, ಮೊಗ್ಗು ಎಲ್ಲವನ್ನೂ ಅವಳು ಕತ್ತರಿಸಿಯೇ ಕೊಟ್ಟಳು. ನಾನು ಊರಿಗೆ ಹೋಗಿ ಇವನ್ನೇ ಫೋಟೋ ತೆಗೆದು ಕಳಿಸುವ ಜನ ಎಂದು ಅವಳಿಗೆ ಗೊತ್ತಿತ್ತು. ನಾನೂ ಅದನ್ನೇ ಯೋಚಿಸಿದ್ದೆ.

ಕುಂಡವನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸು ಹತ್ತಿದೆ. ಸಂಪಾಜೆ ಘಾಟಿಯ ಒಂದೊಂದು ತಿರುವಿಗೂ ಗಿಡ ಬಾಡುತ್ತಾ ಬಂತು. ಸುಳ್ಯ ದಾಟುವಾಗ ಎಲೆಗಳೆಲ್ಲ ಜೋತುಬಿದ್ದಿದ್ದವು. ಕಂಡಕ್ಟರು ಬಂದು ಗಿಡವನ್ನು ನೋಡಿದರು, ನನ್ನನ್ನು ನೋಡಿದರು. ಆಮೇಲೆ ವಾಂತಿ ಬರುವವರಿಗೆಂದು ಇಟ್ಟುಕೊಂಡಿದ್ದ ಪ್ಲಾಸ್ಟಿಕ್ ಕವರೊಂದನ್ನು ತೆಗೆದು ಕುಂಡದ ಬದಿಗೆ ಸಿಕ್ಕಿಸಿ, "ಇರಲಿ. ಇದರ ಮುಖ ನೋಡಿದರೆ ನನಗೆ ಧೈರ್ಯ ಇಲ್ಲ" ಎಂದು ಮುಂದೆ ಹೋದರು.

೨. ಐಸಿನ ಉಪಾಯ

ಮಾರ್ಚಿನಲ್ಲಿ ಎಲೆ ಉದುರಲು ಶುರುವಾಯಿತು. ಕಾರ್ಕಳದಲ್ಲಿ ಒಬ್ಬರು ಒಳ್ಳೆಯ ನರ್ಸರಿ ಇಟ್ಟಿದ್ದಾರೆಂದು ಯಾರೋ ಹೇಳಿದರು. ಕುಂಡ ಸಮೇತ ಅಲ್ಲಿಗೆ ಹೋದೆ.

ನರ್ಸರಿಯವರು ಗಿಡವನ್ನು ಕಂಡು ಹಳೆಯ ಪರಿಚಯದವರನ್ನು ಕಂಡಂತೆ ನಕ್ಕರು. "ನಾನೂ ಒಮ್ಮೆ ಊಟಿಯಿಂದ ಇಪ್ಪತ್ತು ತರಿಸಿದ್ದೆ" ಎಂದರು.

"ಈಗ ಎಲ್ಲಿವೆ?" ಎಂದು ಆಸೆಯಿಂದ ಕೇಳಿದೆ.

ಅವರು ಕೈ ತೋರಿಸಿದ ಕಡೆ ಇಪ್ಪತ್ತು ಕುಂಡಗಳಲ್ಲಿ ಸೊಂಪಾದ ಬಸಳೆ ಇತ್ತು.

ಆದರೂ ಬರಿಗೈಯಲ್ಲಿ ಕಳಿಸಲು ಮನಸ್ಸಾಗದೆ, "ಇದಕ್ಕೆ ಬೇರು ತಂಪಾಗಿರಬೇಕು. ಮಧ್ಯಾಹ್ನದ ಹೊತ್ತು ಕುಂಡದ ಸುತ್ತ ಸ್ವಲ್ಪ ಐಸ್ ಇಟ್ಟು ನೋಡಿ" ಎಂದರು.

ಕಾಪುವಿನಲ್ಲಿ ಐಸಿಗೆ ಬರಗಾಲವೇ? ದಿನಾ ಮನೆ ಬಾಗಿಲಿಗೆ ಬರುವ ಮೀನಿನ ಹೆಂಗಸಿನ ಬುಟ್ಟಿಯಲ್ಲಿ ಮೀನಿಗಿಂತ ಐಸೇ ಹೆಚ್ಚು. ಮೊದಲ ದಿನ ಕೇಳಿದಾಗ ನಗುತ್ತಾ ಕೊಟ್ಟರು. ನಾಲ್ಕನೇ ದಿನ ಬುಟ್ಟಿ ಇಳಿಸದೆ ಗೇಟಿನಲ್ಲೇ ನಿಂತರು. "ಅಣ್ಣಾ, ಈ ಓಣಿಯಲ್ಲಿ ಎಲ್ಲರೂ ಮೀನು ತೆಗೆದುಕೊಂಡು ಐಸ್ ಬೇಡ ಅನ್ನುತ್ತಾರೆ. ನಿಮ್ಮದು ಎಂತ ಹೀಗೆ?"

ನಾಚಿಕೆಯಾಗಿ ಅರ್ಧ ಕಿಲೋ ಬಂಗುಡೆ ತೆಗೆದುಕೊಂಡೆ. ಆಮೇಲೆ ಐಸಿಗಾಗಿ ದಿನಾ ಬಂಗುಡೆ ತಿನ್ನುವ ಪರಿಸ್ಥಿತಿ ಬಂತು.

ಐಸೇನೋ ಕರಗಿತು, ಅದರ ವಾಸನೆ ಕುಂಡದಲ್ಲೇ ಉಳಿಯಿತು. ಒಂದು ವಾರದಲ್ಲಿ ಓಣಿಯ ಬೆಕ್ಕುಗಳೆಲ್ಲ ನಮ್ಮ ಜಗಲಿಗೆ ಬಂದು ಗಿಡದ ಸುತ್ತ ಕುಳಿತವು. ಓಡಿಸಿದರೆ ಹೋಗಿ ನೆಂಟರನ್ನೂ ಕರೆದುಕೊಂಡು ಬಂದವು. ಹೆಂಡತಿ ಬಾಗಿಲಲ್ಲಿ ನಿಂತು ಬಹಳ ಹೊತ್ತು ನೋಡಿ ಹೇಳಿದಳು, "ಒಂದು ಮಾತು ಒಪ್ಪಬೇಕು. ನಿಮ್ಮ ಗಿಡವನ್ನು ಇಷ್ಟು ಆಸೆಯಿಂದ ನೋಡುವವರು ಬೇರೆ ಎಲ್ಲೂ ಸಿಗಲಿಕ್ಕಿಲ್ಲ."

೩. ಮಣಿಪಾಲದಲ್ಲಿ ಮಡಿಕೇರಿ

ಏಪ್ರಿಲಿನಲ್ಲಿ ಉಳಿದದ್ದು ಒಂದು ಕಡ್ಡಿ ಮತ್ತು ಹನ್ನೊಂದು ಎಲೆ. ನಾನು ಕೆಲಸ ಮಾಡುವ ಆಫೀಸು ಮಣಿಪಾಲದಲ್ಲಿದೆ, ಅಲ್ಲಿ ಎಸಿ ಉಂಟು. ಗಿಡವನ್ನು ಆಫೀಸಿಗೇ ಸೇರಿಸುವುದೆಂದು ತೀರ್ಮಾನಿಸಿದೆ. ಸೋಮವಾರ ಬೆಳಿಗ್ಗೆ ಕಾಪುವಿನಿಂದ ಬಸ್ಸಿನಲ್ಲಿ ಹೋಗುವುದು, ಉಡುಪಿಯಲ್ಲಿ ಬಸ್ಸು ಬದಲಿಸುವುದು, ಶನಿವಾರ ಆಫೀಸು ಮುಚ್ಚುವಾಗ ಪುನಃ ಕರೆತರುವುದು. ಉಡುಪಿ ಬಸ್‌ಸ್ಟ್ಯಾಂಡಿನಲ್ಲಿ ಪರಿಚಯದವರು ನನ್ನನ್ನು ಬಿಟ್ಟು ಮೊದಲು ಗಿಡದ ಕ್ಷೇಮ ಕೇಳತೊಡಗಿದರು.

ಆಫೀಸಿನಲ್ಲಿ ನಮ್ಮ ಮೇಲಿನವರು ಎಸಿಯ ವಿಷಯದಲ್ಲಿ ಬಹಳ ಕಟ್ಟುನಿಟ್ಟು. ಎಂಟು ವರ್ಷದಿಂದ ರಿಮೋಟು ಅವರ ಡ್ರಾಯರಿನಲ್ಲಿ ಬೀಗದೊಳಗಿತ್ತು. ಸೆಕೆ ಎಂದರೆ, "ನೀವು ಎಂತ ಐಸ್‌ಕ್ರೀಮಾ, ಕರಗಲಿಕ್ಕೆ?" ಎನ್ನುತ್ತಿದ್ದರು. ಅವರಿಗೆ ಗಿಡದ ವಿಷಯ ಹೆದರುತ್ತಲೇ ಹೇಳಿದೆ. ಅವರು ಕನ್ನಡಕ ಏರಿಸಿ ಹನ್ನೊಂದು ಎಲೆಗಳನ್ನೂ ಒಂದೊಂದಾಗಿ ನೋಡಿದರು.

"ಪಾಪ. ಇದಕ್ಕೆ ಎಷ್ಟು ಬೇಕು?" ಎಂದು ಕೇಳಿದರು.

"ಇಪ್ಪತ್ತು ಡಿಗ್ರಿ ಇದ್ದರೆ ಒಳ್ಳೆಯದು ಸರ್."

ಡ್ರಾಯರಿನ ಬೀಗ ತೆಗೆದರು. ಎಂಟು ವರ್ಷ ನಾವು ಹದಿನಾಲ್ಕು ಮಂದಿ ಬೆವರಿದ್ದಕ್ಕೆ ಕರಗದ ಮನಸ್ಸು ಒಂದು ಕಡ್ಡಿಗೆ ಕರಗಿತು. ನನಗೆ ಸಂತೋಷವೂ ಆಯಿತು, ಹೊಟ್ಟೆಕಿಚ್ಚೂ ಆಯಿತು.

ಮೇ ತಿಂಗಳಲ್ಲಿ, ಹೊರಗೆ ಡಾಂಬರು ಮೆತ್ತಗಾಗುವ ಬಿಸಿಲಿನಲ್ಲಿ, ನಮ್ಮ ಆಫೀಸಿನ ಹೆಂಗಸರು ಶಾಲು ಹೊದ್ದು ಕುಳಿತರು. ಒಬ್ಬರಿಗೆ ನೆಗಡಿ ಹಿಡಿಯಿತು. ಕೊನೆಗೆ ಎಲ್ಲರೂ ಸೇರಿ ಮೇಲಿನವರ ಹತ್ತಿರ ಹೋಗಿ, ಎಸಿ ಸ್ವಲ್ಪ ಕಡಿಮೆ ಮಾಡಬೇಕೆಂದು ಕೇಳಿಕೊಂಡೆವು. ಅವರು ಸ್ವೆಟರಿನ ಗುಂಡಿ ಹಾಕಿಕೊಳ್ಳುತ್ತಾ ಕಿಟಕಿಯಲ್ಲಿದ್ದ ಗಿಡದ ಕಡೆ ನೋಡಿದರು.

"ನೀವು ದೊಡ್ಡವರು, ಸುಧಾರಿಸಿಕೊಳ್ಳಿ. ಅದು ಈಗಷ್ಟೇ ಚಿಗುರುತ್ತಾ ಉಂಟು."

೪. ಒಂಬತ್ತು ಮೊಗ್ಗು

ಜೂನಿನಲ್ಲಿ ಮಳೆ ಹಿಡಿದ ಮೇಲೆ ಗಿಡವನ್ನು ಮನೆಗೆ ತಂದು ಜಗಲಿಯಲ್ಲಿ ತೂಗುಹಾಕಿದೆ. ತಂಪು ಗಾಳಿಗೆ ಅದು ಮೈತುಂಬ ಎಲೆ ಬಿಟ್ಟಿತು. ಜುಲೈ ಕೊನೆಗೆ, ಆಟಿ ತಿಂಗಳು ಅರ್ಧ ಕಳೆಯುವಾಗ, ಒಂಬತ್ತು ಮೊಗ್ಗು ಕಾಣಿಸಿತು. ಅಕ್ಕನಿಗೆ ಫೋನು ಮಾಡಿದೆ.

"ಮೊಗ್ಗು ಹೂವಲ್ಲ ಮಾರಾಯ. ಅರಳಿದ್ದನ್ನು ನನ್ನ ಕಣ್ಣಿಂದ ನೋಡಬೇಕು. ಭಾನುವಾರ ಬರುತ್ತೇನೆ" ಎಂದಳು.

ಆ ವಾರ ನಾನು ಮೊಗ್ಗು ಎಣಿಸಿದ್ದು ಬಿಟ್ಟರೆ ಬೇರೆ ಕೆಲಸ ಮಾಡಿದ್ದು ನೆನಪಿಲ್ಲ. ಶನಿವಾರ ಸಂಜೆಗೆ ಒಂಬತ್ತೂ ಉಬ್ಬಿ ನಿಂತಿದ್ದವು, ಮರುದಿನ ಅರಳುವುದು ಖಂಡಿತ. ಅದೇ ಸಂಜೆ ಅಕ್ಕನನ್ನು ನೋಡಲೆಂದು ಶಂಕರಪುರದಿಂದ ನಮ್ಮ ದೊಡ್ಡಮ್ಮ, ಅಂದರೆ ಅಮ್ಮನ ಅಕ್ಕ, ಬಂದರು. ಎಂಬತ್ತರ ಹತ್ತಿರ ವಯಸ್ಸು. ಐವತ್ತು ವರ್ಷದಿಂದ ಮಲ್ಲಿಗೆ ಬೆಳೆದು, ದಿನಾ ಬೆಳಕು ಹರಿಯುವಾಗ ಮೊಗ್ಗು ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ ಮಾರಾಟಕ್ಕೆ ಕೊಟ್ಟ ಕೈ ಅವರದ್ದು. ಮಲ್ಲಿಗೆಯನ್ನು ಮೊಗ್ಗಿನಲ್ಲೇ ಕೊಯ್ಯಬೇಕು, ಅರಳಿದರೆ ಯಾರೂ ಕೇಳುವುದಿಲ್ಲ. ಮಳೆಗಾಲದಲ್ಲಿ ಮಲ್ಲಿಗೆ ಇರುವುದಿಲ್ಲವಾದ್ದರಿಂದ ಎರಡು ತಿಂಗಳಿಂದ ಆ ಕೈಗೆ ಕೆಲಸವಿರಲಿಲ್ಲ.

ಭಾನುವಾರ ಬೆಳಿಗ್ಗೆ ಅಕ್ಕನನ್ನು ಕರೆತರಲು ಬಸ್‌ಸ್ಟ್ಯಾಂಡಿಗೆ ಹೋದೆ. ದಾರಿಯುದ್ದಕ್ಕೂ ಎದೆಯುಬ್ಬಿಸಿ ಮಾತಾಡಿಕೊಂಡು ಬಂದು, ಜಗಲಿಯಲ್ಲಿ ಕೈ ಮೇಲೆತ್ತಿ "ನೋಡು" ಎಂದೆ. ಗಿಡದಲ್ಲಿ ಎಲೆ ಬಿಟ್ಟರೆ ಏನೂ ಇರಲಿಲ್ಲ.

ಕೆಳಗೆ ಮಣೆಯ ಮೇಲೆ ದೊಡ್ಡಮ್ಮ ಬಾಳೆನಾರು ಹಿಡಿದು ಕುಳಿತಿದ್ದರು. ಒಂಬತ್ತನೆಯ ಮೊಗ್ಗಿಗೆ ಗಂಟು ಹಾಕುತ್ತಾ ಹೇಳಿದರು, "ಮಗಾ, ನಿನಗೆ ಗಿಡದ ಮೇಲೆ ಗಮನವೇ ಇಲ್ಲ. ಪುಣ್ಯಕ್ಕೆ ನನ್ನ ಕಣ್ಣಿಗೆ ಬಿತ್ತು. ಇವತ್ತು ಬಿಟ್ಟಿದ್ದರೆ ಎಲ್ಲ ಅರಳಿ ಹಾಳಾಗುತ್ತಿತ್ತು."

ನನಗೆ ನಿಜವಾಗಿ ಅಳು ಬಂತು. ಆರು ತಿಂಗಳ ಬಸ್ಸು, ಬಂಗುಡೆ, ನೆಗಡಿ ಎಲ್ಲ ಆ ಗೇಣುದ್ದದ ಮಾಲೆಯಲ್ಲಿತ್ತು. ಅಕ್ಕ ನಗು ತಡೆಯಲಾಗದೆ ಕಂಬ ಹಿಡಿದುಕೊಂಡಳು. ದೊಡ್ಡಮ್ಮ ಅವಳನ್ನು ಹತ್ತಿರ ಕೂರಿಸಿಕೊಂಡು ಮಾಲೆಯನ್ನು ಅವಳ ತುರುಬಿಗೇ ಮುಡಿಸಿದರು.

ಮಧ್ಯಾಹ್ನ ಪತ್ರೊಡೆಯ ಊಟ ಆಯಿತು. ಅಕ್ಕ ಕೈ ತೊಳೆದು ಬಂದು ನೆಟ್ಟಗೆ ಕುಳಿತು, "ಹೂಂ, ಈಗ ಎದ್ದು ನಿಂತು ಹೇಳು" ಎಂದಳು. ನಾನು ಎದ್ದೆ. "ಅಕ್ಕ ಹೇಳಿದ್ದೇ..." ಎನ್ನುವಷ್ಟರಲ್ಲಿ ಅವಳ ಹಿಂದೆ ಪಾತ್ರೆ ತೆಗೆಯುತ್ತಿದ್ದ ನನ್ನ ಹೆಂಡತಿ, "ಅತ್ತಿಗೆ, ತಲೆ ಅಲ್ಲಾಡಿಸಬೇಡಿ" ಎಂದಳು.

ನಾವೆಲ್ಲ ಹಿಂದೆ ಹೋಗಿ ನೋಡಿದೆವು. ತುರುಬಿನಲ್ಲಿ ಎರಡು ಮೊಗ್ಗು ಪೂರ್ತಿ ಬಿರಿದು, ಕೆಂಪು ಎಸಳು ಹೊರಗೆ, ನೇರಳೆ ಒಳಗೆ, ಜುಮುಕಿಯ ಹಾಗೆ ತೂಗುತ್ತಿದ್ದವು. ಮೂರನೆಯದು ನಮ್ಮ ಕಣ್ಣೆದುರೇ ಬಾಯಿ ಬಿಡುತ್ತಿತ್ತು. ಹೆಂಡತಿ ಫೋಟೋ ತೆಗೆದು ಫೋನನ್ನು ಅಕ್ಕನ ಕೈಗೆ ಕೊಟ್ಟಳು.

ಅಕ್ಕ ಫೋಟೋವನ್ನು ದೊಡ್ಡದು ಮಾಡಿ ನೋಡಿದಳು. "ಇದು ಗಿಡದಲ್ಲಿ ಅರಳಿದ್ದಲ್ಲ, ತಲೆಯಲ್ಲಿ" ಎಂದಳು.

"ತಲೆ ಎಲ್ಲಿ ಉಂಟು? ಕಾಪುವಿನಲ್ಲೇ ಅಲ್ವಾ?" ಎಂದೆ ನಾನು.

"ಕಾಪುವಿಗೆ ಬಂದದ್ದು ಅಷ್ಟೆ. ತಲೆ ಮಡಿಕೇರಿಯದ್ದು."

ಮೂಲೆಯಲ್ಲಿ ಎಲೆಯಡಿಕೆ ಹಾಕುತ್ತಿದ್ದ ದೊಡ್ಡಮ್ಮ ತಲೆಯೆತ್ತಿದರು. "ಆ ತಲೆ ಮೊದಲು ಹೊರಗೆ ಬಂದದ್ದು ಈ ಮನೆಯ ಒಳಕೋಣೆಯಲ್ಲಿ. ಎಣ್ಣೆ ಹಾಕಿ ಮೀಯಿಸಿದ್ದು ನಾನು. ಅದು ಯಾವಾಗ ಮಡಿಕೇರಿಯದ್ದು ಆದದ್ದು?"

ಅಷ್ಟರಲ್ಲಿ ಕರೆಂಟು ಹೋಗಿ ಫ್ಯಾನು ನಿಂತಿತು. ಮಳೆ ಬಿಟ್ಟು ಮೂರು ದಿನವಾಗಿತ್ತು, ಒಂದು ಎಲೆಯೂ ಅಲುಗುತ್ತಿರಲಿಲ್ಲ. ಅಕ್ಕನ ಹಣೆಯಲ್ಲಿ ಬೆವರು ಮೂಡಿತು, ಕೆನ್ನೆಗಿಳಿಯಿತು, ಗಲ್ಲದಿಂದ ತೊಟ್ಟಿಕ್ಕಿತು. ನಾವು ಮೂವರೂ ಅವಳ ಬಾಯಿಯನ್ನೇ ನೋಡುತ್ತಾ ಕುಳಿತೆವು. ಕೊನೆಗೆ ಸೆರಗಿನಿಂದ ಮುಖ ಒರೆಸಿಕೊಂಡು, ಯಾರ ಮುಖವನ್ನೂ ನೋಡದೆ ಹೇಳಿದಳು.

"ಇವತ್ತು ಯಾಕೋ ಚಳಿ ಸ್ವಲ್ಪ ಕಡಿಮೆ."