ಎರಡು ಜಿಬಿಯ ಅತ್ತೆ

ಹೊನ್ನಾಳಿಯ ಮರಿ ಮುಖಂಡರನ್ನೆಲ್ಲ ಹದ್ದುಬಸ್ತಿನಲ್ಲಿಟ್ಟಿರುವುದು ನಮ್ಮ ಅತ್ತೆ ಎಂದರೆ ನಗುತ್ತೀರಿ. ನಗಿ! ಬಸ್ ನಿಲ್ದಾಣದ ಪಕ್ಕ ಫ್ಲೆಕ್ಸ್ ಬ್ಯಾನರ್ ಅಂಗಡಿ ಇಟ್ಟಿರುವ ಅಪ್ಪನ ಈ ತಂಗಿ, ಯಾರ ಬ್ಯಾನರಿಗೂ ಹತ್ತಕ್ಕಿಂತ ಹೆಚ್ಚು ಮುಖ ಹಾಕಿದವಳಲ್ಲ. ಹತ್ತು ಎನ್ನುವುದು ನನ್ನ ದಿನಚರಿಯ ಲೆಕ್ಕ. ಅವಳು ಹನ್ನೆರಡು ಎನ್ನುತ್ತಾಳೆ. ಯಾರನ್ನು ನಂಬುವುದು?

ಕಾರಣ ಲಿನಕ್ಸ್, ಅಂದರೆ ವಿಂಡೋಸ್ ಬದಲಿಗೆ ಅವಳು ಹಾಕಿಕೊಂಡಿರುವ ಪುಕ್ಕಟೆ ವ್ಯವಸ್ಥೆ. ಅವಳ ಹಳೇ ಕಂಪ್ಯೂಟರಿಗೆ ಇರುವುದು ನಾಲ್ಕು ಜಿಬಿ ಮೆಮೊರಿ. ಬ್ಯಾನರ್ ಮಾಡುವ ಪ್ರೋಗ್ರಾಮು ಅಷ್ಟನ್ನೂ ನುಂಗಿ ಇಡೀ ಯಂತ್ರವನ್ನೇ ಮಲಗಿಸುತ್ತಿತ್ತು. ಪಕ್ಕದಲ್ಲಿ ಟೈಪಾಗುತ್ತಿದ್ದ ಲಗ್ನಪತ್ರಿಕೆಯೂ ಜೊತೆಗೇ ಹೋಗುತ್ತಿತ್ತು. ಅತ್ತೆ ಎಲ್ಲೋ ಓದಿ ಉಪಾಯ ಕಲಿತಳು. ಪ್ರೋಗ್ರಾಮು ಶುರು ಮಾಡುವಾಗಲೇ ಒಂದು ಸಾಲಿನ ಅಪ್ಪಣೆ: ನಿನಗೆ ಎರಡೇ ಜಿಬಿ, ಮೀರಿದರೆ ನೀನೊಬ್ಬನೇ ಹೋಗು.

"ಸತ್ರೆ ಅದೊಂದೇ ಸಾಯಲಿ. ಮನೆಮಂದಿಗೆಲ್ಲ ಯಾಕೆ ಸೂತಕ?"

ಹತ್ತೋ ಹನ್ನೆರಡೋ ಫೋಟೊಗೆ ಆ ಎರಡು ಜಿಬಿ ಮುಗಿಯುತ್ತಿತ್ತು. ಒಮ್ಮೆ ಒಬ್ಬ ಮುಖಂಡ ಹುಟ್ಟುಹಬ್ಬದ ಬ್ಯಾನರಿಗೆ ಬಂದ. "ಅಕ್ಕಾ, ಇನ್ನೊಬ್ಬ ಹುಡುಗ ಅದಾನೆ, ಸೇರಿಸ್ರೀ."

"ಜಾಗ ಐತೆ, ಮೆಮೊರಿ ಇಲ್ಲ."

"ಸಣ್ಣಕ್ ಮಾಡಿ ಹಾಕ್ರಿ."

"ಮಸುಕಾದ್ರೆ ನನಗೇ ಬೈಯಾಕೆ ಬರ್ತೀರಿ. ಯಾರನ್ನ ತೆಗೀಲಿ, ಹೇಳ್ರಿ."

ಆತ ಹಿಂದೆ ನಿಂತವರನ್ನು ನೋಡಿದ. ಅವರು ಆತನನ್ನು ನೋಡಿದರು. ಅವತ್ತೇ ಆ ಗುಂಪು ಒಡೆಯಿತು ಎನ್ನುತ್ತಾಳೆ ಅತ್ತೆ. ನಾನೂ ಅಲ್ಲೇ ಇದ್ದೆ. ಒಡೆದದ್ದು ಮಾತ್ರ ನೆನಪಿಲ್ಲ!

ಈ ಮಿತಿ ಮನೆಯವರನ್ನೂ ಬಿಡಲಿಲ್ಲ. ಅವಳ ಮಗಳ ಮದುವೆಯ ಬ್ಯಾನರಿನಲ್ಲಿ ಬೀಗರ ಮುಖಗಳೆಲ್ಲ ತುಂಬಿದ ಮೇಲೆ ಹುಡುಗಿಯ ಸೋದರಮಾವನನ್ನು, ಅಂದರೆ ನಮ್ಮಪ್ಪನನ್ನು, ಸೇರಿಸಲು ಹೋದರೆ ಪ್ರೋಗ್ರಾಮು ಢಮಾರ್! "ಅಣ್ಣ ನಮ್ಮೋನೇ, ತಿಳ್ಕೊಂತಾನೆ" ಎಂದು ಅವನನ್ನು ಕೈಬಿಟ್ಟಳು. ಅಪ್ಪ ತಿಳಿದುಕೊಳ್ಳಲಿಲ್ಲ, ತಂಗಿಯ ಜೊತೆ ಮಾತನ್ನೇ ಬಿಟ್ಟ. ನ್ಯಾಮತಿ ಬಸ್ಸಿನ ಚಾಲಕ ಅವನು. ಅವಳ ಅಂಗಡಿ ಎದುರು ಎಮ್ಮೆ ಅಡ್ಡ ಬಂದರೂ ಹಾರ್ನ್ ಹಾಕುತ್ತಿರಲಿಲ್ಲ.

ಈ ವರ್ಷ ಅಪ್ಪ ನಿವೃತ್ತನಾದ. ನಾನು ಬೀಳ್ಕೊಡುಗೆಯ ಬ್ಯಾನರನ್ನು ಅತ್ತೆಗೇ ಮಾಡಲು ಹೇಳಿ, ಕರಡು ನೋಡಲು ಅವನನ್ನು ಎಳೆದುಕೊಂಡೇ ಹೋದೆ. ಪರದೆಯ ಮೇಲೆ ಅಪ್ಪ, ಅವ್ವ, ನಾನು, ಡಿಪೋದ ಗೆಳೆಯರು. ಅಪ್ಪ ಬಹಳ ಹೊತ್ತು ನೋಡಿದ.

"ನಿನ್ ಮುಖ ಎಲ್ಲೈತೆ?"

"ಎರಡು ಜಿಬಿ ಮುಗೀತಣ್ಣ."

"ಆ ಮಿತಿ ತೆಗಿ."

"ತೆಗೆದ್ರೆ ಎಲ್ಲಾ ನಿಂತೋಗ್ತೈತೆ."

"ನಿಲ್ಲಲಿ."

ತೆಗೆದಳು. ತನ್ನ ಫೋಟೊ ತಂದು ಅಣ್ಣನ ಪಕ್ಕ ಇಟ್ಟಳು. ಪರದೆ ಕಲ್ಲಾಯಿತು, ಮೌಸಿನ ಬಾಣವೂ ಅಲ್ಲಾಡಲಿಲ್ಲ.

"ಎಷ್ಟೊತ್ತಾಗ್ತೈತೆ?"

"ಹೇಳಾಕೆ ಬರಲ್ಲಣ್ಣ."

ಅಪ್ಪ ಸ್ಟೂಲ್ ಎಳೆದುಕೊಂಡು ಅವಳ ಪಕ್ಕ ಕೂತ.