ಬೀದರ ಅಣ್ಣ ನೀರಿಗಿಳಿದ ಶನಿವಾರ-ಐತವಾರ

ನಾಸಿಕದ ಹತ್ತಿರದ ಓಝರದ ನಮ್ಮ ವಿಮಾನ ಕಾರ್ಖಾನಿಯವರನ್ನ ಎಲ್ಲಿಗರೆ ಕರಕೊಂಡು ಹೋಗ್ರಿ, ಒಂದಿಲ್ಲೊಂದು ಫಜೀತಿ ಆಗೇ ಆಗ್ತದ. ಹಳೇ ಫಜೀತಿ ನಕ್ಕು ಮುಗಿಸೋದ್ರಾಗ ಹೊಸದು ತಯಾರ!

ಹೋದ ತಿಂಗಳು ನಾವು ನಾಲ್ಕು ಮಂದಿ ಗೆಳೆಯರು ಸಂಭಾಜಿನಗರದ, ಅಂದ್ರ ಹಳೇ ಔರಂಗಾಬಾದಿನ, ಒಂದು ಹೋಟೆಲಿಗೆ ಎರಡು ದಿನ ಆರಾಮ ಇರಲಿಕ್ಕ ಹೋಗಿದ್ವಿ. ನಾನು, ಕಾರು ಇದ್ದ ಕಲಬುರಗಿ ಗೆಳೆಯ, ತಪ್ಪು ಹುಡುಕೋದೇ ನೌಕರಿ ಆಗಿರೋ ಕ್ವಾಲಿಟಿ ಸಾಹೇಬರು, ಮತ್ತ ಪೇಂಟ್ ಶಾಪಿನ ಬೀದರ ಅಣ್ಣ.

ಈಜುಕೊಳ ಅದ ಅಂತ ಆ ಹೋಟೆಲ್ ಆರಿಸಿದಾಂವ ಅಣ್ಣನೇ. ಅವನ ಮಗಳು ನಾಸಿಕದಾಗ ಕಾಲೇಜಿನ ಪರವಾಗಿ ಈಜ್ತಾಳ. ಅಣ್ಣಗ ನೋಡಿದ್ರ ನೀರು ಕಂಡ್ರೇ ಎದಿ ಢವಢವ. ಮಗಳ ಪಂದ್ಯ ಒಂದೂ ನೋಡಿರಲಿಲ್ಲ ಪಾಪ, ಗೇಟಿನ ಹೊರಗ ನಿಂತು ಚಪ್ಪಾಳಿ ಕೇಳ್ಕೋತ ಬೆವರ್ತಿದ್ದ. "ಪಪ್ಪಾ, ಒಂದು ಸಲ ಈ ದಂಡಿಯಿಂದ ಆ ದಂಡಿಗೆ ಈಜಿ ವಿಡಿಯೋ ಕಳಸ್ರಿ. ಆಮ್ಯಾಲ ನನ್ನ ಪಂದ್ಯಕ್ಕ ಒಳಗ ಬಂದು ಕುಂದರಲಿಕ್ಕ ಹೆದರಿಕಿ ಆಗಂಗಿಲ್ಲ" ಅಂದಿದ್ದಳು. ನಾವು ಹೋಗಿ ಬಂದ ಮುಂದಿನ ಐತವಾರ ಅವಳ ಪಂದ್ಯ ಇತ್ತು. ಅದಕ್ಕೇ ಅಣ್ಣ ಕಾರು ಹತ್ತುವಾಗ "ಈ ಸಲ ಈಜೇ ಬಿಡ್ತೀನಿ ನೋಡ್ರಿ!" ಅಂತ ಕುಣೀಲಿಕತ್ತಿದ್ದ.

ಯೇವಲಾದಾಗ ಚೆಕಿಂಗ್

ನಮ್ಮ ಕಾರ್ಖಾನಿ ಒಳಗ ವಿಮಾನದ ಮುಚ್ಚಳ ಹಾಕೋದಕ್ಕ ಮೊದಲು ಪಾನಾ, ಸ್ಕ್ರೂಡ್ರೈವರ್ ಎಲ್ಲಾ ಎಣಿಸಬೇಕು. ಒಂದು ಕಮ್ಮಿ ಬಿತ್ತಂದ್ರ ವಿಮಾನ ಹಾರಂಗಿಲ್ಲ. ಸಾಹೇಬರು ಕಾರಿನ ಡಿಕ್ಕಿಗೂ ಅದೇ ಕಾಯ್ದೆ ಹಚ್ಚಿದ್ರು. ಯಾದಿ ಬರದು ಒಳಗ ಅಂಟಿಸಿದ್ರು.

ದಾರಿಯೊಳಗ ಯೇವಲಾ ಊರಿನ ಬಸ್ ಸ್ಟ್ಯಾಂಡ್ ಹತ್ತಿರ ಚಹಾ ಕುಡದು ಎಣಿಸಿದ್ರ ಶೇಂಗಾ ಚಟ್ನಿ ಡಬ್ಬಿ ಇಲ್ಲ! "ಗಾಡಿ ಹೊರಡಂಗಿಲ್ಲ" ಅಂದ್ರು ಸಾಹೇಬರು. ಬ್ಯಾಗು, ಟಾವೆಲ್ಲು, ಚಾದರ ಎಲ್ಲಾ ರಸ್ತೆ ದಂಡಿಗೆ ಹರಡಿದ್ವಿ. ಒಬ್ಬ ಅಜ್ಜಿ ಬಂದು ಒಂದು ಟಾವೆಲ್ ಎತ್ತಿ, "ಕೇವಢ್ಯಾಲಾ?" ಅಂತ ರೇಟು ಕೇಳಿದಳು. ಸಾಹೇಬರು ತಮ್ಮ ಡ್ಯೂಟಿ ದನಿಯೊಳಗ, "ಮಾರಾಟ ಇಲ್ಲ, ಚೆಕಿಂಗ್ ನಡದದ!" ಅಂತ ಮರಾಠಿಯೊಳಗ ಗುಡುಗಿದ್ರು.

ಅಷ್ಟೇ! ಮುನಸಿಪಾಲ್ಟಿಯವರು ಬಂದ್ರು ಅಂತ ಆ ಸಾಲಿನ ಪೇರಲ ಮಾರೋರು, ಬಳಿ ಮಾರೋರು ಬುಟ್ಟಿ ಹೊತಗೊಂಡು ಓಡಿದ್ರು. ಜಾಗ ಖಾಲಿ ಆದಾಗ ಚಹಾ ಅಂಗಡಿ ಹಿಂದ ಕಲಬುರಗಿ ಗೆಳೆಯ ಕಂಡ. ಒಂದು ಕೈಯಾಗ ರೊಟ್ಟಿ, ಇನ್ನೊಂದ್ರಾಗ ಚಟ್ನಿ ಡಬ್ಬಿ. "ಏನ ಹುಡಕ್ಲಿಕತ್ತೀರಿ?" ಅಂತ ನಮ್ಮನ್ನೇ ಕೇಳಿದ.

ನಳಕ್ಕ ಕೆಂಪು ಪಟ್ಟಿ

ಹೋಟೆಲಿನ ರೂಮು ಭಾರಿ ಛಲೋ ಇತ್ತು. ನಾವು ಗಾದಿ ಮ್ಯಾಲ ಉರುಳಾಡಿದ್ವಿ. ಸಾಹೇಬರು ಬಚ್ಚಲಕ್ಕ ಹೋಗಿ, ನಳ ಸೋರ್ತದ ಅಂತ ಕಂಡುಹಿಡದ್ರು. ಕಾರ್ಖಾನಿಯಾಗ ಕೆಟ್ಟ ಸಾಮಾನಿಗೆ ಕೆಂಪು ಪಟ್ಟಿ ಕಟ್ಟತೀವಿ. ಕಾರಣ ಬರದು, ಸಹಿ ಆಗೋತನಕ ಯಾರೂ ಮುಟ್ಟೋ ಹಂಗಿಲ್ಲ. ಸಾಹೇಬರ ಕಿಸೆಯೊಳಗ ಅಂಥಾ ಪಟ್ಟಿ ಯಾವಾಗಲೂ ಇರ್ತದ. ಕಟ್ಟೇ ಬಿಟ್ರು.

ನಾವು ಊಟಕ್ಕ ಹೋಗಿ ಬರೋದ್ರಾಗ ನಳದ ಮ್ಯಾಲ ಒಂದು ಚೆಂಡುಹೂವ! ರೂಮು ಸ್ವಚ್ಛ ಮಾಡೋ ಮೌಶಿಯನ್ನ ಕೇಳಿದ್ರ, ಅಕಿ ಕೈ ಮುಗದು, "ಸಾಹೇಬರು ಏನೋ ಹರಕಿ ಕಟ್ಟ್ಯಾರ ಅನಕೊಂಡೆ" ಅಂದಳು ಮರಾಠಿಯಾಗ.

ಮಜಾ ಅಂದ್ರ ನಳ ಸೋರೋದು ನಿಂತಿತ್ತು! ನಾವು ಹೊಟ್ಟಿ ಹಿಡಕೊಂಡು ನಕ್ಕರ, ಸಾಹೇಬರು ಪೆನ್ನು ಹಿಡಕೊಂಡು ಅರ್ಧಾ ತಾಸು ಕುಂತ್ರು. ನಳ ಹ್ಯಾಂಗ ರಿಪೇರಿ ಆತು ಅನ್ನೋ ಕಾರಣ ಬರಿಯದ ಪಟ್ಟಿ ಬಿಚ್ಚೋ ಹಂಗಿರಲಿಲ್ಲ.

ಅನಾನಸ ಚಡ್ಡಿ

ಸಂಜಿಕೆ ಅಣ್ಣ ಹೊಸಾ ಕಾಟನ್ ಚಡ್ಡಿ ಹಾಕ್ಕೊಂಡು ಕೊಳಕ್ಕ ಬಂದ. "ಇಲ್ಲಿ ಕಾಟನ್ ಚಾಲತ ನಾಹೀ, ನೈಲಾನ್ ಬೇಕು" ಅಂದ ಕೊಳದ ಮಾಸ್ತರ. ಹೋಟೆಲಿನ ಕೌಂಟರಿನಾಗ ಅಣ್ಣನ ಸೊಂಟಕ್ಕ ಬರೋದು ಒಂದೇ ಇತ್ತು. ಗಿಳಿ ಹಸರು, ಅದರ ಮ್ಯಾಲ ಹಳದಿ ಅನಾನಸ.

ದಂಡಿ ಮ್ಯಾಲ ಒಂದು ಮದುವಿ ಪಾರ್ಟಿ ಪೂರಾ ಕುಂತಿತ್ತು. ಅವರೆಲ್ಲಾ ಒಮ್ಮೆಲೆ ತಿರುಗಿ ನೋಡಿದ್ದೇ ತಡ, ಮೂವತ್ತು ವರ್ಷ ನೀರಿಗೆ ಹೆದರಿದ ಮನಷ್ಯಾ ಮೂರು ಸೆಕೆಂಡಿನ್ಯಾಗ ಕುತ್ತಿಗಿ ತನಕ ನೀರಾಗ!

ರಿಜೆಕ್ಟ್

ಶನಿವಾರ ಪೂರಾ ಸಂಜಿ, ಐತವಾರ ಪೂರಾ ಮುಂಜಾನಿ, ಮಾಸ್ತರ ಕಲಿಸಿದ, ಅಣ್ಣ ಅರ್ಧಾ ಕೊಳ ಕುಡದ. ಕಡೀಗೆ, "ವಿಡಿಯೋ ಹಚ್ಚೋ!" ಅಂತ ನನಗ ಕೂಗಿದ. ಕೈಕಾಲು ಬಡದು, ನೀರು ಚೆಲ್ಲಿ, ದಾಟೇ ಬಿಟ್ಟ. ಮದುವಿ ಪಾರ್ಟಿ ಸೀಟಿ ಹೊಡೀತು. ನಾನಂತೂ ಕುಣದೆ.

ಸಾಹೇಬರು ಮೊಬೈಲ್ ಇಸಗೊಂಡು ವಿಡಿಯೋ ಎರಡು ಸಲ ನೋಡಿದ್ರು. "ನಡಬರಕ ಒಂದು ಕಾಲು ನೆಲಕ್ಕ ಹತ್ಯದ. ರಿಜೆಕ್ಟ್."

"ಏ ಬಿಡ್ರಿ ಸಾಹೇಬ್ರ, ಯಾರಿಗೆ ಕಾಣಸ್ತದ!" ಅಂದ ಕಲಬುರಗಿ ಗೆಳೆಯ.

"ಅವರ ಮಗಳಿಗೆ ಕಾಣಸ್ತದ" ಅಂದ್ರು ಸಾಹೇಬರು.

ಅಣ್ಣನ ಮಾರಿ ಸಣ್ಣದಾತು. ನಮಗ ಸಾಹೇಬರ ಮ್ಯಾಲ ಸಿಟ್ಟು ನೆತ್ತಿಗೇರಿತ್ತು. ರೂಮು ಬಿಡಲಿಕ್ಕ ಇನ್ನ ಹತ್ತೇ ಮಿನಿಟು. ಅಣ್ಣ ಒಂದು ಸಲ ನೀರು ನೋಡಿದ, ಒಂದು ಸಲ ಸಾಹೇಬರನ್ನ ನೋಡಿದ. "ಖರೇ ಅದರಿ. ಹತ್ತಿತ್ತು" ಅಂದವನೇ ಮತ್ತ ಇಳದ.

ಈ ಸಲ ಅರ್ಧಾ ದಾರಿಯೊಳಗ ತಲಿ ಮುಳಗಿತು. ನಾನು ವಿಡಿಯೋ ತಗೀತಾನೇ ಇದ್ದೆ. ಮಾಸ್ತರ ಜಿಗೀಲಿಕ್ಕ ತಯಾರಾದ. ಅಷ್ಟೊತ್ತಿಗೆ ಅನಾನಸ ಮ್ಯಾಲ ಬಂದ್ವು, ಹಿಂದಿಂದ ಅಣ್ಣನ ತಲಿನೂ ಬಂತು. ಬಡಬಡ ಬಡದು ದಂಡಿ ಹಿಡದ! ಕಾಲು ಎಲ್ಲೂ ಹತ್ತಲಿಲ್ಲ! ನಾವು ಕೂಗಿದ ಕೂಗಿಗೆ ರಿಸೆಪ್ಶನ್ನವರು ಓಡಿ ಬಂದ್ರು.

ವಿಡಿಯೋ ಕಳಿಸಿದ ಕೂಡಲೇ ಮಗಳ ಫೋನು. ಅಣ್ಣ ಸ್ಪೀಕರ್ ಮ್ಯಾಲ ಹಾಕಿದ. "ಪಪ್ಪಾ, ಏಕದಮ್ ಭಾರಿ! ಬರೋ ಐತವಾರ ನೀವು ಮೊದಲನೇ ಸಾಲಿನ್ಯಾಗೇ ಕುಂದರಬೇಕು. ಆದ್ರ ಒಂದು ಹೇಳ್ರಿ, ವಿಡಿಯೋದಾಗ ಹಿಂದ ಯಾರೋ ಜೋರಲೆ ಅಳ್ಳಿಕತ್ತಾರಲ್ಲಾ, ಯಾರು?"

ನಾವು ಮೂವರೂ ಸಾಹೇಬರ ಕಡೆ ತಿರುಗಿದ್ವಿ. ಕಣ್ಣು ಕೆಂಪಗ, ಮೂಗು ಸೊರ್ರಂತ.

"ಅಳು ಏನಲ್ಲ. ಕಣ್ಣಾಗ ಕ್ಲೋರಿನ್ ನೀರು ಹೋತು" ಅಂದ್ರು ಸಾಹೇಬರು.

ಆ ಎರಡು ದಿನ ಅವರು ಆ ಕೊಳದಾಗ ಒಂದು ಬೆರಳೂ ಅದ್ದಿರಲಿಲ್ಲ.